ಬಾಯಿಯೊಳಗಿನ ಓಲೆಗರಿ

ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆ ಬಾರದಿದ್ದರೆ ಊಟ ಪೂರ್ತಿಯಾಯಿತೆಂದು ನಮ್ಮ ಹಿರಿಯರು ಒಪ್ಪುತ್ತಿರಲಿಲ್ಲ. ಮದುವೆಯ ನಿಶ್ಚಯಕ್ಕೆ ತಾಂಬೂಲ; ಮನೆಗೆ ಬಂದ ಮುತ್ತೈದೆಯನ್ನು ಬೀಳ್ಕೊಡುವಾಗ ಅರಿಶಿನ ಕುಂಕುಮದೊಡನೆ ಎಲೆ ಅಡಿಕೆ; ದೇವರಿಗೆ ನೈವೇದ್ಯವಾದ ಮೇಲೆ ಮತ್ತೆ ತಾಂಬೂಲ. ಕೊಟ್ಟ ಮಾತಿಗೆ ಸಾಕ್ಷಿಯಾಗಿ ನಿಂತ ವಸ್ತುವದು. ಅಂಥ ವಸ್ತುವಿನ ವಿಷಯವಾಗಿ ಅಪ್ರಿಯವಾದ ನಾಲ್ಕು ಮಾತುಗಳನ್ನು ಬರೆಯಬೇಕಾಗಿ ಬಂದಿರುವುದು ನನಗೆ ಸಂತೋಷದ ಸಂಗತಿಯಲ್ಲ. ಬರೆಯಲು ಕಾರಣರಾದವರು ನನ್ನ ಸೋದರಮಾವ.

ಅವರದು ಸಾಗರದ ಕಡೆಯ ಹಳ್ಳಿ. ಅಜ್ಜನ ಕಾಲದಿಂದ ಬಂದ ಅಡಿಕೆ ತೋಟ. ಮಕ್ಕಳ ಓದು, ಮದುವೆ, ಮನೆಯ ಹೊಸ ಹೆಂಚು ಎಲ್ಲವೂ ಆ ತೋಟದ ಋಣ. ಬೆಳಗಿನ ಕಾಫಿಯಾದೊಡನೆ ಮೊದಲ ಕವಳ, ರಾತ್ರಿ ದೀಪವಾರಿಸುವ ಮೊದಲು ಕೊನೆಯ ಕವಳ. ನಡುವೆ ಎಷ್ಟೆಂಬುದನ್ನು ಲೆಕ್ಕವಿಟ್ಟವರಿಲ್ಲ. ಎಲೆಗೆ ಸುಣ್ಣ ಸವರಿ, ಅಡಿಕೆಯ ಹೋಳಿನೊಡನೆ ಒಂದೆಳೆ ಹೊಗೆಸೊಪ್ಪನ್ನಿಟ್ಟು ಎಡಗೆನ್ನೆಯ ಒಳಗೆ ಒತ್ತರಿಸಿಕೊಂಡರೆ ಅರ್ಧ ಗಂಟೆಯವರೆಗೆ ಅವರ ಮಾತಿನಲ್ಲಿ ಒಂದು ಬಗೆಯ ಗಾಂಭೀರ್ಯ ತಾನಾಗಿಯೇ ಬಂದುಬಿಡುತ್ತಿತ್ತು.

ಹೋದ ಮಳೆಗಾಲದಲ್ಲಿ ಅತ್ತೆ ಒಂದು ಸಂಗತಿಯನ್ನು ಗಮನಿಸಿದರು. ಅಪ್ಪೆಮಿಡಿ ಉಪ್ಪಿನಕಾಯಿಯಿಲ್ಲದೆ ಊಟಕ್ಕೆ ಕೂರದ ಮಾವ, ತಟ್ಟೆಯ ಅಂಚಿನಲ್ಲಿ ಬಡಿಸಿದ್ದನ್ನು ಹಾಗೆಯೇ ಬಿಟ್ಟು ಏಳತೊಡಗಿದ್ದರು. ಸಾರಿಗೆ ಖಾರ ಕಡಿಮೆ ಮಾಡಲು ಹೇಳಿದರು. ಕಾರಣ ಕೇಳಿದರೆ "ವಯಸ್ಸಾಯಿತಲ್ಲ" ಎಂದು ನಕ್ಕರು. ಅತ್ತೆ ನಗಲಿಲ್ಲ. ಒಂದು ದಿನ ಅವರನ್ನು ಅಂಗಳದ ಬಿಸಿಲಿಗೆ ಕೂರಿಸಿ, ಬಾಯಿ ತೆರೆಸಿ, ಎಡಗೆನ್ನೆಯ ಒಳಗನ್ನು ನೋಡಿದರು. ಅಲ್ಲಿ ಹಾಲಿನ ಕೆನೆಯಂತೆ ಬೆಳ್ಳಗಿನ ಒಂದು ಮಚ್ಚೆ. ಅದರ ನಡುವೆ ಅಲ್ಲಲ್ಲಿ ಕೆಂಪು. ಬೆರಳಿನಿಂದ ಒರಸಿದರೆ ಹೋಗಲಿಲ್ಲ. ಮರುವಾರವೇ ಅವರಿಬ್ಬರೂ ನಮ್ಮ ಮನೆಯಲ್ಲಿದ್ದರು. ವೈದ್ಯರು ನೋಡಿದರು, ಮಚ್ಚೆಯ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿ ಬಂತು: ಕ್ಯಾನ್ಸರ್ ಅಲ್ಲ. ಆದರೆ ಜೀವಕೋಶಗಳು ತಮ್ಮ ಸಹಜವಾದ ರೂಪವನ್ನೂ ಕ್ರಮವನ್ನೂ ಬಿಟ್ಟು ನಡೆಯಲು ಮೊದಲುಮಾಡಿವೆ. ಈ ಹೊಗೆಸೊಪ್ಪು, ಈ ಅಡಿಕೆ, ಎರಡನ್ನೂ ಇಂದೇ ಬಿಡಬೇಕು ಎಂದರು ವೈದ್ಯರು.

ಆ ರಾತ್ರಿ ಜಗಲಿಯಲ್ಲಿ ಕುಳಿತು ಮಾವ ನನ್ನನ್ನು ಮೂರು ಪ್ರಶ್ನೆ ಕೇಳಿದರು.

"ನೋಡು ಅಳಿಯ, ನಮ್ಮ ಅಪ್ಪ ಎಂಬತ್ತಾರು ವರ್ಷ ಬದುಕಿದರು. ಕೊನೆಯ ದಿನದವರೆಗೂ ಕವಳ ಹಾಕಿದರು. ನಮ್ಮ ವಂಶದಲ್ಲಿ ಯಾರಿಗೂ ಈ ರೋಗ ಬಂದದ್ದಿಲ್ಲ. ನನಗೆ ಮಾತ್ರ ಯಾಕೆ? ಎರಡನೆಯದು, ತಪ್ಪು ಹೊಗೆಸೊಪ್ಪಿನದು ಅಂತ ಒಪ್ಪಿಕೊಳ್ಳೋಣ. ಅಡಿಕೆ ಏನು ಮಾಡಿತು? ಮೂರನೆಯದು, ನಲವತ್ತು ವರ್ಷ ಹಾಕಿದ ಮೇಲೆ ಈಗ ಬಿಟ್ಟರೆ ಬಂದ ಭಾಗ್ಯವೇನು? ಆದದ್ದು ಆಗಿಹೋಯಿತಲ್ಲ?"

ನಾನು ಕನ್ನಡ ಪಾಠ ಹೇಳುವವನು. ಹಳಗನ್ನಡದ ಪದವೊಂದರ ರೂಪ ಕೇಳಿದ್ದರೆ ಆಗಲೇ ಉತ್ತರ ಹೇಳುತ್ತಿದ್ದೆ. ಈ ಪ್ರಶ್ನೆಗಳಿಗಾಗಿ ನಮ್ಮ ಕಾಲೇಜಿನ ಜೀವಶಾಸ್ತ್ರದ ಅಧ್ಯಾಪಕ ಮಿತ್ರರನ್ನು ಹಿಡಿದು ಕೂರಿಸಿ, ಅವರು ಕೊಟ್ಟ ಪುಸ್ತಕಗಳನ್ನು ಓದಿ, ತಿಳಿಯದ ಕಡೆ ಮತ್ತೆ ಕೇಳಿ, ತಿಂಗಳುಗಟ್ಟಲೆ ಅಲೆದೆ. ತಿಳಿದುಬಂದುದನ್ನು ಮಾವನಿಗೆ ಹೇಳಿದಂತೆಯೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಮಾವ ಒಬ್ಬರೇ ಈ ಪ್ರಶ್ನೆಗಳನ್ನು ಕೇಳುವವರಲ್ಲ ಎಂಬುದಕ್ಕೆ ಒಂದು ಲೆಕ್ಕ ಸಾಕು. 2020ರಲ್ಲಿ ಜಗತ್ತಿನಲ್ಲಿ ಸುಮಾರು 3,77,000 ಮಂದಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಕಂಡುಬಂದಿತೆಂದು ಅಂದಾಜು. ಅವರಲ್ಲಿ ಸುಮಾರು 1,35,000 ಮಂದಿ ಭಾರತೀಯರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ನಮ್ಮವರೇ.

ಗ್ರಂಥ ಒಂದೇ, ಓದು ಬೇರೆ

ಓಲೆಗರಿಯ ಗ್ರಂಥಗಳನ್ನು ನೋಡಿದವರಿಗೆ ಗೊತ್ತು. ಲಿಪಿಕಾರನು ಕಬ್ಬಿಣದ ಕಂಟದಿಂದ ಗರಿಯ ಮೇಲೆ ಅಕ್ಷರಗಳನ್ನು ಕೊರೆಯುತ್ತಾನೆ. ಕೊರೆದ ಮಾತ್ರಕ್ಕೆ ಅವು ಕಣ್ಣಿಗೆ ಕಾಣುವುದಿಲ್ಲ. ಮೇಲೆ ಮಸಿ ಸವರಿ ಒರಸಿದಾಗ ಮಸಿಯು ಗೀರುಗಳಲ್ಲಿ ನಿಂತು ಬರಹ ಎದ್ದುಬರುತ್ತದೆ. ಗರಿಗಳನ್ನು ದಾರದಲ್ಲಿ ಪೋಣಿಸಿ, ಎರಡು ಹಲಗೆಗಳ ನಡುವೆ ಬಿಗಿದು ಕಟ್ಟಿಡುತ್ತಾರೆ. ಕಟ್ಟು ಬಿಚ್ಚದೆ ಓದಲಾಗದು. ಅಂದರೆ ಅಕ್ಷರ ಇರುವುದು ಒಂದು ಮಾತು. ಅಕ್ಷರವನ್ನು ಓದುವುದು ಇನ್ನೊಂದು ಮಾತು.

ನಮ್ಮ ಶರೀರದ ಪ್ರತಿಯೊಂದು ಜೀವಕೋಶದಲ್ಲಿಯೂ ಇಂಥದೊಂದು ಗ್ರಂಥವಿದೆ. ಅದಕ್ಕೆ ಡಿಎನ್‌ಎ ಎಂದು ಹೆಸರು. ನಾಲ್ಕೇ ಅಕ್ಷರಗಳ ಲಿಪಿ; ಆದರೆ ಬರಹದ ಉದ್ದ ಸುಮಾರು 300 ಕೋಟಿ ಅಕ್ಷರಗಳು, ಅದೂ ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿ ನೇರವಾಗಿ ಎಳೆದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಆ ಎಳೆಯಲ್ಲಿ ಅಲ್ಲಲ್ಲಿ, ಪ್ರೋಟೀನುಗಳನ್ನು ತಯಾರಿಸುವ ಆಜ್ಞೆಗಳಿವೆ. ಇವೇ ಜೀನ್‌ಗಳು, ನಮ್ಮ ಪಠ್ಯಪುಸ್ತಕಗಳ ಮಾತಿನಲ್ಲಿ ವಂಶವಾಹಿಗಳು. ಮನುಷ್ಯನಲ್ಲಿ ಇಂಥವು ಸುಮಾರು 20,000 ಇವೆ.

ಇಲ್ಲಿಯೇ ಒಂದು ಸೋಜಿಗ. ಕೆನ್ನೆಯ ಒಳಪೊರೆಯ ಕೋಶದಲ್ಲಿರುವ ಗ್ರಂಥವೂ ಮಿದುಳಿನ ಕೋಶದಲ್ಲಿರುವ ಗ್ರಂಥವೂ ಒಂದೇ. ಹಾಗಿದ್ದರೆ ಕೆನ್ನೆ ಕೆನ್ನೆಯಾಗಿ, ಮಿದುಳು ಮಿದುಳಾಗಿ ಇರುವುದು ಹೇಗೆ? ಓದುವ ಅಧ್ಯಾಯಗಳು ಬೇರೆ ಬೇರೆಯಾಗಿರುವುದರಿಂದ. ಕೆನ್ನೆಯ ಕೋಶವು ತನಗೆ ಬೇಕಾದ ಗರಿಗಳಿಗೆ ಮಾತ್ರ ಮಸಿ ಸವರಿ ಓದುತ್ತದೆ, ಉಳಿದವನ್ನು ಕಟ್ಟಿಡುತ್ತದೆ. ಯಾವ ಜೀನ್ ಎಚ್ಚರವಾಗಿರಬೇಕು, ಯಾವುದು ಮಲಗಿರಬೇಕು ಎಂಬ ಈ ವ್ಯವಸ್ಥೆಗೆ ಎಪಿಜೆನೆಟಿಕ್ಸ್ ಎಂಬ ಹೆಸರನ್ನು ಬ್ರಿಟನ್ನಿನ ವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ 1942ರಲ್ಲಿ ಬಳಕೆಗೆ ತಂದರು. 'ಎಪಿ' ಎಂದರೆ ಗ್ರೀಕ್ ಭಾಷೆಯಲ್ಲಿ 'ಮೇಲೆ'. ಮೂಲ ಅಕ್ಷರವನ್ನು ಮುಟ್ಟದೆ, ಅದರ ಮೇಲೆ ಇಟ್ಟ ಗುರುತುಗಳ ಶಾಸ್ತ್ರವೆಂದು ನಾವು ಇದನ್ನು ಅರ್ಥಮಾಡಿಕೊಳ್ಳಬಹುದು.

ಈ ಗುರುತುಗಳಲ್ಲಿ ಎರಡು ಮುಖ್ಯವಾದವು. ಒಂದು ಮೀಥೈಲ್ ಗುಂಪು; ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ ಅದರ ಗಾತ್ರ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸೈಟೋಸಿನ್ ಎಂಬುದರ ಮೇಲೆ ಇದು ಚುಕ್ಕೆಯಂತೆ ಕೂರುತ್ತದೆ. ಜೀನ್ ಒಂದರ ಪ್ರಾರಂಭದ ಭಾಗದಲ್ಲಿ ಇಂಥ ಚುಕ್ಕೆಗಳು ಒತ್ತಾಗಿ ಬಿದ್ದರೆ, 'ಇದನ್ನು ಬಿಟ್ಟು ಓದತಕ್ಕದ್ದು' ಎಂದು ಲಿಪಿಕಾರನು ಗುರುತು ಹಾಕಿದಂತೆ. ಆ ಜೀನ್ ಮೌನವಾಗುತ್ತದೆ. ಇನ್ನೊಂದು, ಡಿಎನ್‌ಎ ಎಳೆಯನ್ನು ಸುತ್ತಿಟ್ಟುಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನುಗಳು. ಇವುಗಳಿಗೆ ಅಸಿಟೈಲ್ ಎಂಬ ಗುಂಪು ಸೇರಿದರೆ ಸುತ್ತು ಸಡಿಲವಾಗಿ ಗ್ರಂಥ ಓದಲು ಸಿಗುತ್ತದೆ. ಅದು ಕಳಚಿದರೆ ಕಟ್ಟು ಬಿಗಿಯುತ್ತದೆ. ಒಂದು ಮಸಿ ತಡೆಯುವ ಗುರುತು, ಇನ್ನೊಂದು ಕಟ್ಟಿನ ದಾರ.

ಕೋಶವು ಒಡೆದು ಎರಡಾಗುವಾಗ ಇಡೀ ಗ್ರಂಥದ ಪ್ರತಿಯಾಗುತ್ತದೆ. ಆಗ ಡಿಎನ್‌ಎ ಮೀಥೈಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವವೊಂದು ಹಳೆಯ ಪ್ರತಿಯಲ್ಲಿರುವ ಚುಕ್ಕೆಗಳನ್ನು ನೋಡಿ ಹೊಸ ಪ್ರತಿಯಲ್ಲಿಯೂ ಅದೇ ಜಾಗದಲ್ಲಿ ಚುಕ್ಕೆಯಿಡುತ್ತದೆ. ಮಕ್ಕಿಕಾಮಕ್ಕಿ ಪ್ರತಿ ಮಾಡುವ ಲಿಪಿಕಾರನ ನೆನಪಾಗುವುದಿಲ್ಲವೆ? ಗುರುತು ಸರಿಯಾಗಿದ್ದರೆ ಸರಿ. ತಪ್ಪಾಗಿದ್ದರೆ ಆ ತಪ್ಪೂ ಅಷ್ಟೇ ನಿಷ್ಠೆಯಿಂದ ಮುಂದಿನ ಪ್ರತಿಗೆ ಹೋಗುತ್ತದೆ. ಕೆನ್ನೆಯ ಒಳಪೊರೆಯ ಕೋಶಗಳು ಕೆಲವೇ ವಾರಗಳಲ್ಲಿ ಸವೆದು, ಅಡಿಯಿಂದ ಹೊಸವು ಹುಟ್ಟಿಬರುತ್ತವೆ. ನಲವತ್ತು ವರ್ಷಗಳಲ್ಲಿ ಎಷ್ಟು ಪ್ರತಿಗಳಾದಾವು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕೆನ್ನೆಯೊಳಗೆ ನಡೆಯುವುದೇನು?

ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಕೂಡಿ ಕೆನ್ನೆಯೊಳಗೆ ಕುಳಿತಾಗ ಅಲ್ಲಿ ಒಂದು ಸಣ್ಣ ರಸಾಯನಶಾಲೆಯೇ ತೆರೆಯುತ್ತದೆ. ಹೊಗೆಸೊಪ್ಪಿನಲ್ಲಿ ನೈಟ್ರೊಸಮೀನ್ ಎಂಬ ಜಾತಿಯ ವಿಷಗಳಿವೆ. ಅಡಿಕೆಯಲ್ಲಿ ಅರೆಕೋಲೀನ್ ಎಂಬ ಸತ್ವವಿದೆ. ಅದರಿಂದಲೂ ಬೇರೆ ಬಗೆಯ ನೈಟ್ರೊಸಮೀನ್‌ಗಳು ಹುಟ್ಟುತ್ತವೆ. ಸುಣ್ಣದ ಕ್ಷಾರದೊಡನೆ ಅಡಿಕೆಯ ಸತ್ವಗಳು ಬೆರೆತಾಗ ಆಮ್ಲಜನಕದ ಉಗ್ರವಾದ ಕಣಗಳು ಹೊರಡುತ್ತವೆ. ಇವೆಲ್ಲ ಸೇರಿ ಎರಡು ಬಗೆಯಲ್ಲಿ ಗ್ರಂಥವನ್ನು ಕೆಡಿಸುತ್ತವೆ. ಮೊದಲನೆಯದು ಅಕ್ಷರದ ತಪ್ಪು: ಒಂದು ಅಕ್ಷರ ಅಳಿದು ಇನ್ನೊಂದು ಬೀಳುತ್ತದೆ. ಇದನ್ನು ವಿಜ್ಞಾನಿಗಳು ಬಹುಕಾಲದಿಂದ ಬಲ್ಲರು. ಎರಡನೆಯದು ಗುರುತಿನ ತಪ್ಪು: ಅಕ್ಷರ ಶುದ್ಧವಾಗಿಯೇ ಉಳಿದು, ಚುಕ್ಕೆಗಳು ಬೀಳಬಾರದ ಕಡೆ ಬೀಳುತ್ತವೆ, ಇರಬೇಕಾದ ಕಡೆ ಅಳಿಯುತ್ತವೆ.

ಈ ಎರಡನೆಯ ಬಗೆಯ ತಪ್ಪು ಕ್ಯಾನ್ಸರಿನಲ್ಲಿ ಕಂಡುಬಂದದ್ದು ಈಚಿನ ದಶಕಗಳಲ್ಲಿ. 1983ರಲ್ಲಿ ಅಮೆರಿಕದ ಆ್ಯಂಡ್ರೂ ಫೈನ್‌ಬರ್ಗ್ ಮತ್ತು ಬರ್ಟ್ ವೋಗೆಲ್‌ಸ್ಟೈನ್, ಕ್ಯಾನ್ಸರ್ ಕೋಶಗಳಲ್ಲಿ ಮೀಥೈಲ್ ಚುಕ್ಕೆಗಳು ಸಹಜ ಕೋಶಗಳಿಗಿಂತ ಕಡಿಮೆಯಾಗಿರುವುದನ್ನು ತೋರಿಸಿದರು. ಆಮೇಲೆ ಇದಕ್ಕೆ ವಿರುದ್ಧವೆಂಬಂತೆ ಕಾಣುವ ಮತ್ತೊಂದು ಸಂಗತಿ ಹೊರಬಂತು. ಒಟ್ಟಿನಲ್ಲಿ ಚುಕ್ಕೆಗಳು ಕಡಿಮೆಯಾದರೂ, ಕೆಲವು ಮುಖ್ಯವಾದ ಜೀನ್‌ಗಳ ಪ್ರಾರಂಭದಲ್ಲಿ ಮಾತ್ರ ಅವು ದಟ್ಟವಾಗಿ ಮುತ್ತಿಕೊಂಡಿರುತ್ತವೆ. ಯಾವ ಜೀನ್‌ಗಳು ಇವು? ಮನೆಯ ಕಾವಲುಗಾರರೇ ಇವು.

ಅವುಗಳಲ್ಲಿ ಪಿ16 ಎಂಬುದು ಪ್ರಸಿದ್ಧವಾದದ್ದು. ಕೋಶವು ಮಿತಿಮೀರಿ ಒಡೆಯದಂತೆ ತಡೆಯುವುದು ಇದರ ಕೆಲಸ. ಇಳಿಜಾರಿನ ಗಾಡಿಗೆ ಬ್ರೇಕು ಇದ್ದಂತೆ. ಈ ಜೀನಿನ ಅಕ್ಷರಗಳಲ್ಲಿ ಒಂದೂ ತಪ್ಪಿಲ್ಲದಿದ್ದರೂ ಚುಕ್ಕೆಗಳ ಭಾರದಿಂದಲೇ ಅದು ಮೌನವಾಗಬಹುದೆಂದು 1995ರಲ್ಲಿ ಗೊತ್ತಾಯಿತು. ಎಂಜಿಎಂಟಿ ಎಂಬ ಇನ್ನೊಂದು ಜೀನ್ ಡಿಎನ್‌ಎಗೆ ತಗುಲಿದ ಒಂದು ಬಗೆಯ ಪೆಟ್ಟನ್ನು ದುರಸ್ತಿಮಾಡುವಂಥದು. ಇದು ಮಲಗಿದರೆ ಅಕ್ಷರದ ತಪ್ಪುಗಳು ತಿದ್ದುವವರಿಲ್ಲದೆ ಉಳಿಯುತ್ತವೆ. ಇ-ಕ್ಯಾಡ್ಹೆರಿನ್ ಎಂಬುದು ಕೋಶವನ್ನು ಕೋಶಕ್ಕೆ ಅಂಟಿಸಿಡುವ ಗಾರೆ; ಇದು ಇಲ್ಲವಾದರೆ ಕೋಶಗಳು ತಮ್ಮ ಜಾಗ ಬಿಟ್ಟು ಅಲೆಯಲು ಹೊರಡುತ್ತವೆ. ಬಾಯಿಯ ಕ್ಯಾನ್ಸರಿನಲ್ಲಿ ಈ ಮೂರೂ ಜೀನ್‌ಗಳು ಹೀಗೆ ಚುಕ್ಕೆಗಳಿಂದ ಮೌನವಾಗಿರುವುದನ್ನು ಅನೇಕ ಸಂಶೋಧಕರು ಕಂಡಿದ್ದಾರೆ.

ನಮ್ಮ ಮಟ್ಟಿಗೆ ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಈ ಚುಕ್ಕೆಗಳು ಕ್ಯಾನ್ಸರ್ ಬಂದ ಮೇಲೆ ಬೀಳುವಂಥವಲ್ಲ. ಬರುವ ಮೊದಲೇ ಬೀಳತೊಡಗುತ್ತವೆ. ಶ್ರೀಲಂಕಾದಲ್ಲಿ ಎಲೆ ಅಡಿಕೆ ಜಗಿಯುವವರ ಬಾಯಿಯ ಮಚ್ಚೆಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇನ್ನೂ ಕ್ಯಾನ್ಸರ್ ಆಗದ ಮಚ್ಚೆಗಳಲ್ಲಿಯೇ ಪಿ16 ಮತ್ತು ಅದರ ನೆರೆಯ ಜೀನ್‌ಗಳು ಬಹುಮಟ್ಟಿಗೆ ಹೀಗೆ ಗುರುತಾಗಿದ್ದವು. ಚೀನದ ಸಂಶೋಧಕರು ಮಚ್ಚೆಯಿದ್ದವರನ್ನು ಕೆಲವು ವರ್ಷಗಳವರೆಗೆ ನೋಡುತ್ತ ಬಂದು 2009ರಲ್ಲಿ ವರದಿ ಮಾಡಿದಂತೆ, ಪಿ16ರ ಮೇಲೆ ಚುಕ್ಕೆಗಳಿದ್ದವರಲ್ಲಿ ಮಚ್ಚೆಯು ಕ್ಯಾನ್ಸರಿಗೆ ತಿರುಗುವುದು ಹೆಚ್ಚು. ಮಚ್ಚೆಗಳಲ್ಲಿ ಯಾವುದು ಅಪಾಯದ್ದು, ಯಾವುದು ಅಲ್ಲ ಎಂಬುದನ್ನು ಮುಂದೆ ಈ ಗುರುತುಗಳಿಂದಲೇ ಗುರುತಿಸಬಹುದೆಂಬ ಆಸೆಗೆ ಇಂಥ ಅಧ್ಯಯನಗಳೇ ಆಧಾರ.

ಒಂದು ಜಾಗದಲ್ಲಿ ಮಚ್ಚೆ ಕಂಡರೆ ಉಳಿದ ಬಾಯಿ ಶುದ್ಧವಾಗಿದೆಯೆಂದು ತಿಳಿಯಬಾರದು. 1953ರಲ್ಲಿಯೇ ಅಮೆರಿಕದ ಡ್ಯಾನ್ಲಿ ಸ್ಲಾಟರ್ ಮತ್ತು ಅವರ ಸಂಗಡಿಗರು ಬಾಯಿಯ ಕ್ಯಾನ್ಸರಿನ 783 ರೋಗಿಗಳನ್ನು ಅಭ್ಯಸಿಸಿ, ಗಂತಿಯ ಸುತ್ತಲಿನ ಕಣ್ಣಿಗೆ ಸರಿಯಾಗಿ ಕಾಣುವ ಭಾಗವೂ ಒಳಗೊಳಗೇ ಬದಲಾಗಿರುತ್ತದೆಂದು ಹೇಳಿದ್ದರು. ಅವರ ಕಾಲಕ್ಕೆ ಅದು ಸೂಕ್ಷ್ಮದರ್ಶಕದಲ್ಲಿ ಕಂಡ ಸಂಗತಿ. ಇಂದು ಚುಕ್ಕೆಗಳ ಭಾಷೆಯಲ್ಲಿ ಅದೇ ಮಾತನ್ನು ಮತ್ತೆ ಓದುತ್ತಿದ್ದೇವೆ. ಗದ್ದೆಯ ಒಂದು ಮೂಲೆಯಲ್ಲಿ ರೋಗ ಕಂಡರೆ ಇಡೀ ಗದ್ದೆಯನ್ನು ನೋಡಬೇಕೆಂಬುದು ರೈತನಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಮೊದಲ ಪ್ರಶ್ನೆ: ವಂಶದಲ್ಲಿಲ್ಲದ್ದು ಬಂದದ್ದು ಹೇಗೆ?

ಮಾವನ ಮೊದಲ ಪ್ರಶ್ನೆಗೆ ಉತ್ತರ ಈಗ ಸುಲಭ. ವಂಶದಿಂದ ಬರುವುದು ಗ್ರಂಥ. ಅದರ ಮೇಲೆ ಬೀಳುವ ಗುರುತುಗಳಲ್ಲಿ ಬಹುಪಾಲು ನಮ್ಮ ನಮ್ಮ ಬಾಳಿನಲ್ಲಿ ಬೀಳುವಂಥವು. ಸ್ಪೇನ್ ದೇಶದ ವಿಜ್ಞಾನಿಗಳು 40 ಜೋಡಿ ಅವಳಿಗಳನ್ನು ಪರೀಕ್ಷಿಸಿ 2005ರಲ್ಲಿ ಒಂದು ವರದಿ ಕೊಟ್ಟರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಗ್ರಂಥ ಅಕ್ಷರಶಃ ಒಂದೇ ಎನ್ನಬಹುದು. ಮಗುವಾಗಿದ್ದಾಗ ಅವರ ಗುರುತುಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಆದರೆ ಐವತ್ತರ ವಯಸ್ಸಿನ ಅವಳಿಗಳಲ್ಲಿ ಗುರುತುಗಳು ಬಹಳವಾಗಿ ಬೇರೆಯಾಗಿದ್ದವು. ಹೆಚ್ಚು ಕಾಲ ಬೇರೆ ಬೇರೆಯಾಗಿ, ಬೇರೆ ಬಗೆಯ ಜೀವನ ನಡೆಸಿದವರಲ್ಲಿ ಭೇದ ಇನ್ನೂ ಹೆಚ್ಚು. ಒಂದೇ ಬಸಿರಿನಲ್ಲಿ ಬಂದವರ ಕಥೆಯೇ ಹೀಗಾದರೆ, ಅಪ್ಪನ ಆಯುಷ್ಯವನ್ನು ತೋರಿಸಿ ಮಗನು ಧೈರ್ಯ ತಂದುಕೊಳ್ಳುವುದು ಹೇಗೆ? ಎಂಬತ್ತಾರು ವರ್ಷ ಬಾಳಿದ ಅಜ್ಜನನ್ನು ನಾವು ಎಣಿಸುತ್ತೇವೆ. ಅವರ ಓರಗೆಯವರಲ್ಲಿ ಯಾರು ಯಾರು ಬಾಯಿಹುಣ್ಣೆಂದು ನರಳಿ ಐವತ್ತಕ್ಕೇ ಹೋದರೋ ಅವರನ್ನು ಎಣಿಸಿದವರಿಲ್ಲ.

ಎರಡನೆಯ ಪ್ರಶ್ನೆ: ಅಡಿಕೆ ಏನು ಮಾಡಿತು?

ಈ ಪ್ರಶ್ನೆಗೆ ಉತ್ತರ ಹೇಳುವಾಗ ನನ್ನ ದನಿ ತಗ್ಗಿತು. ಎದುರಿಗೆ ಕುಳಿತವರ ಅನ್ನ ಬೆಳೆಯುವುದು ಅಡಿಕೆಯಲ್ಲಿ. ನನ್ನ ತಾಯಿಯ ಬಾಲ್ಯ ಬೆಳೆದದ್ದೂ ಅದರಲ್ಲಿಯೇ. ಭಾರತದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಆದರೆ ಸತ್ಯವನ್ನು ಮರೆಮಾಚಿ ಹೇಳಿದ ಸಮಾಧಾನ ಸಮಾಧಾನವಲ್ಲ.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಸೇರಿದ ತಾಂಬೂಲವು ಮನುಷ್ಯರಲ್ಲಿ ಕ್ಯಾನ್ಸರ್ ತರುವುದೆಂದು ನಿರ್ಣಯಿಸಿತು. 2004ರಲ್ಲಿ ಪ್ರಕಟವಾದ ಅದರ ಮುಂದಿನ ಗ್ರಂಥದಲ್ಲಿ, ಹೊಗೆಸೊಪ್ಪು ಇಲ್ಲದ ತಾಂಬೂಲವನ್ನೂ ಬರಿಯ ಅಡಿಕೆಯನ್ನೂ ಅದೇ ವರ್ಗಕ್ಕೆ ಸೇರಿಸಿತು. ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಪೊರೆ ನಾರುನಾರಾಗಿ ಗಟ್ಟಿಯಾಗಿ, ಕೊನೆಗೆ ಬಾಯಿ ತೆರೆಯಲಾಗದ ಸ್ಥಿತಿಗೆ ಬರುವ ಇನ್ನೊಂದು ರೋಗವಿದೆ. 1952ರಲ್ಲಿ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿದರು. ಮರುವರ್ಷ ಮುಂಬಯಿಯ ಡಾಕ್ಟರ್ ಜೋಶಿಯವರು ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರು ಕೊಟ್ಟರು. ಇದೂ ಮುಂದೆ ಕ್ಯಾನ್ಸರಿಗೆ ದಾರಿಯಾಗಬಲ್ಲದು. ಇದರ ಮುಖ್ಯ ಕಾರಣ ಅಡಿಕೆಯೇ.

ಹಿಂದೆ ತಟ್ಟೆಯಲ್ಲಿ ನಾಲ್ಕು ಜನರೊಡನೆ ಹಂಚಿಕೊಂಡು ಊಟದ ಮೇಲೆ ಹಾಕುತ್ತಿದ್ದ ತಾಂಬೂಲ, ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗುಟ್ಕಾ ಎಂಬ ಪೊಟ್ಟಣವಾಗಿ ಶಾಲೆಯ ಹುಡುಗರ ಜೇಬನ್ನು ಸೇರಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ವ್ಯಾಪಾರದ ಬುದ್ಧಿ ಅಷ್ಟಕ್ಕೆ ಸೋಲಲಿಲ್ಲ: ಪಾನ್ ಮಸಾಲೆಯ ಪೊಟ್ಟಣ ಒಂದು, ಹೊಗೆಸೊಪ್ಪಿನ ಪುಡಿಯ ಪೊಟ್ಟಣ ಇನ್ನೊಂದು, ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ನಿಷೇಧವಾದ ವಸ್ತು ಮತ್ತೆ ಸಿದ್ಧ. ಕಾನೂನು ಅಂಗಡಿಯ ಬಾಗಿಲವರೆಗೆ ಬರಬಲ್ಲದು. ಅಂಗೈಯ ಮೇಲೆ ಅದರ ಕಣ್ಣು ಬೀಳುವುದಿಲ್ಲ.

ಮೂರನೆಯ ಪ್ರಶ್ನೆ: ಈಗ ಬಿಟ್ಟು ಫಲವೇನು?

ಹೊಸ ವಿಜ್ಞಾನವು ತನ್ನ ಅತ್ಯಂತ ದೊಡ್ಡ ಸಮಾಧಾನವನ್ನು ಇಟ್ಟುಕೊಂಡಿರುವುದು ಈ ಪ್ರಶ್ನೆಯ ಉತ್ತರದಲ್ಲಿ. ಕೊರೆದ ಅಕ್ಷರ ತಪ್ಪಾದರೆ ಅದನ್ನು ತಿದ್ದುವುದು ಕಷ್ಟ. ಆದರೆ ಮೇಲಿಟ್ಟ ಗುರುತನ್ನು ಅಳಿಸಲು ಸಾಧ್ಯ. ಗುರುತು ಇಡುವ ಕಿಣ್ವಗಳಿರುವಂತೆ ಅಳಿಸುವ ಕಿಣ್ವಗಳೂ ನಮ್ಮ ಕೋಶಗಳಲ್ಲಿಯೇ ಇವೆ.

ಬೀಡಿ ಸಿಗರೇಟು ಸೇದುವವರ ರಕ್ತದ ಕೋಶಗಳಲ್ಲಿ ಸಾವಿರಾರು ಕಡೆ ಮೀಥೈಲ್ ಚುಕ್ಕೆಗಳು ಏರುಪೇರಾಗಿರುತ್ತವೆ. ಸುಮಾರು 16,000 ಜನರ ರಕ್ತವನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸೇದುವುದನ್ನು ಬಿಟ್ಟವರಲ್ಲಿ ಈ ಜಾಗಗಳ ಪೈಕಿ ಹೆಚ್ಚಿನವು ಐದು ವರ್ಷಗಳೊಳಗೆ, ಎಂದೂ ಸೇದದವರ ಮಟ್ಟಕ್ಕೆ ಮರಳಿದ್ದುದು ಕಂಡುಬಂತು. ಕೆಲವು ಮಾತ್ರ ಮೂವತ್ತು ವರ್ಷಗಳಾದರೂ ಪೂರ್ತಿ ಅಳಿದಿರಲಿಲ್ಲ. ಇದು ಹೊಗೆಯ ವಿಷಯ, ರಕ್ತದ ವಿಷಯ. ಕೆನ್ನೆಯ ವಿಷಯವೆಲ್ಲವೂ ಹೀಗೆಯೇ ಎಂದು ಒಂದೇ ಉಸಿರಿಗೆ ಹೇಳುವುದು ಸರಿಯಲ್ಲ. ಆದರೂ ಅದರ ಎರಡು ಅರ್ಧಗಳೂ ನಮಗೆ ಪಾಠ: ಬಿಟ್ಟರೆ ಶರೀರವು ತನ್ನ ಗ್ರಂಥವನ್ನು ತಾನೇ ತಿದ್ದಿಕೊಳ್ಳಲು ತೊಡಗುತ್ತದೆ, ತಡಮಾಡಿದಷ್ಟೂ ಅಳಿಯದೆ ಉಳಿಯುವ ಗುರುತುಗಳು ಹೆಚ್ಚಾದಾವು.

ಗುರುತನ್ನು ಔಷಧದಿಂದ ಅಳಿಸುವ ಪ್ರಯತ್ನವೂ ನಡೆದಿದೆ. ಅಜಾಸಿಟಿಡಿನ್ ಎಂಬ ಔಷಧವು ಮೀಥೈಲ್ ಚುಕ್ಕೆಗಳನ್ನು ಕಡಿಮೆ ಮಾಡುವಂಥದು; ಮೂಳೆಯ ಮಜ್ಜೆಯ ಒಂದು ರೋಗಕ್ಕೆ 2004ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡವು, ಬಾಯಿಯ ಕ್ಯಾನ್ಸರಿನ ಕೋಶಗಳಲ್ಲಿ ಹಿಸ್ಟೋನ್‌ಗಳಿಗೆ ಅಸಿಟೈಲ್ ಗುಂಪುಗಳು ಮಿತಿಮೀರಿ ಸೇರಿರುವುದನ್ನು 2010ರಲ್ಲಿ ಪ್ರಕಟಿಸಿತು. ಅಂದರೆ, ಕಟ್ಟಿಡಬೇಕಾದ ಗರಿಗಳ ದಾರ ಸಡಿಲವಾಗಿತ್ತು. ಅರಿಶಿನದ ಕರ್ಕ್ಯುಮಿನ್ ಎಂಬ ಸತ್ವವನ್ನು ಮೂಲವಾಗಿಟ್ಟುಕೊಂಡು, ನೀರಿನಲ್ಲಿ ಕರಗುವ ಸಿಟಿಕೆ7ಎ ಎಂಬ ಹೊಸ ವಸ್ತುವನ್ನು ತಯಾರಿಸಿ, ಇಲಿಗಳಲ್ಲಿ ಬೆಳೆಸಿದ ಬಾಯಿಯ ಗಂತಿ ಅದರಿಂದ ಕುಗ್ಗುವುದನ್ನು ಅವರು ತೋರಿಸಿದರು. ಇಷ್ಟನ್ನು ಕೇಳಿ ಅತ್ತೆ ಅಡಿಗೆಮನೆಯ ಅರಿಶಿನದ ಡಬ್ಬಿಯ ಕಡೆಗೆ ನೋಡಿದರು. ನಾನು ತಡೆಯಬೇಕಾಯಿತು. ಇಲಿಯಲ್ಲಿ ಕಂಡದ್ದು ಮನುಷ್ಯನಿಗೆ ಔಷಧವಾಗಲು ದಾರಿ ಬಲು ಉದ್ದ. ಸಾರಿನ ಅರಿಶಿನವೂ ಪ್ರಯೋಗಶಾಲೆಯ ಆ ವಸ್ತುವೂ ಒಂದಲ್ಲ. ಬಾಯಿಯ ಕ್ಯಾನ್ಸರಿಗೆ ಇಂದಿಗೂ ಶಸ್ತ್ರಚಿಕಿತ್ಸೆ, ವಿಕಿರಣ, ಕ್ಯಾನ್ಸರ್ ಔಷಧಗಳೇ ಮುಖ್ಯ ಚಿಕಿತ್ಸೆ. ಮನೆಮದ್ದನ್ನು ನಂಬಿ ಕಳೆದ ತಿಂಗಳುಗಳು ಮರಳಿ ಬಾರವು.

ಕನ್ನಡಿಯ ಮುಂದೆ ಐದು ನಿಮಿಷ

ಬಾಯಿಯ ಕ್ಯಾನ್ಸರಿಗೂ ಶರೀರದ ಒಳಗಿನ ಇತರ ಕ್ಯಾನ್ಸರುಗಳಿಗೂ ಒಂದು ಭೇದವಿದೆ. ಇದು ಬರುವುದು ಕಣ್ಣಿಗೆ ಕಾಣುವ ಜಾಗದಲ್ಲಿ. ಕೇರಳದ ತಿರುವನಂತಪುರದ ಸುತ್ತಿನಲ್ಲಿ 1996ರಲ್ಲಿ ಪ್ರಾರಂಭವಾದ ದೊಡ್ಡ ಪ್ರಯೋಗವೊಂದರಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ಕಣ್ಣಿನಿಂದ ನೋಡಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವುಗಳು ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾದವು. ಬೇಕಾದದ್ದು ಬೆಳಕು, ಕಣ್ಣು, ಸ್ವಲ್ಪ ತಿಳಿವಳಿಕೆ. ಅತ್ತೆ ಅಂಗಳದ ಬಿಸಿಲಿನಲ್ಲಿ ಮಾಡಿದ್ದೂ ಇದನ್ನೇ ಅಲ್ಲವೆ?

ಮನೆಯಲ್ಲಿ ಯಾರಿಗಾದರೂ ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ, ಸಿಗರೇಟು, ಮದ್ಯ, ಇವುಗಳಲ್ಲಿ ಯಾವ ಅಭ್ಯಾಸವಿದ್ದರೂ ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಐದು ನಿಮಿಷ ನಿಲ್ಲುವುದು ಒಳ್ಳೆಯದು. ಕೆನ್ನೆಯ ಒಳಭಾಗ, ವಸಡು, ನಾಲಗೆಯ ಎರಡು ಅಂಚು, ನಾಲಗೆಯ ಅಡಿ, ಅಂಗುಳು, ಇಷ್ಟನ್ನೂ ನೋಡಬೇಕು. ಒರಸಿದರೆ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಗುಲಿದರೆ ಉರಿ, ದಿನೇದಿನೇ ಕಿರಿದಾಗುತ್ತಿರುವ ಬಾಯಿ, ಕತ್ತಿನಲ್ಲಿ ಗಂಟು, ಇವುಗಳಲ್ಲಿ ಒಂದು ಕಂಡರೂ ದಂತವೈದ್ಯರಲ್ಲಿಗೋ ಹತ್ತಿರದ ಆಸ್ಪತ್ರೆಗೋ ಹೋಗತಕ್ಕದ್ದು. ಕಂಡದ್ದೆಲ್ಲ ಕ್ಯಾನ್ಸರಲ್ಲ, ಆದರೆ ಅಲ್ಲವೆಂದು ಹೇಳಬೇಕಾದವರು ನಾವಲ್ಲ, ವೈದ್ಯರು. ಹೊಗೆಸೊಪ್ಪು ಬಿಡಲು ನೆರವು ಬೇಕಾದವರಿಗೆ ರಾಷ್ಟ್ರೀಯ ಸಹಾಯವಾಣಿಯಿದೆ: 1800-11-2356, ಕರೆಗೆ ಶುಲ್ಕವಿಲ್ಲ.

ಮಾವನ ವಿಷಯ ಹೇಳಿ ಮುಗಿಸುತ್ತೇನೆ. ಹೊಗೆಸೊಪ್ಪನ್ನು ಅವರು ಆ ರಾತ್ರಿಯೇ ಬಿಟ್ಟರು. ಅಡಿಕೆಯನ್ನು ಬಿಡಲು ಎರಡು ತಿಂಗಳು ಹಿಡಿಯಿತು. ನಡುವೆ ಎರಡು ಬಾರಿ ಸೋತರು, ಅದನ್ನು ಅತ್ತೆಗೆ ಹೇಳದೆ ನನಗೆ ಮಾತ್ರ ಹೇಳಿದರು. ಮಚ್ಚೆಯಿದ್ದ ಭಾಗವನ್ನು ವೈದ್ಯರು ತೆಗೆದರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗುತ್ತಾರೆ. ಎಲ್ಲ ಮುಗಿಯಿತೆಂದು ಹೇಳುವ ಹಾಗಿಲ್ಲ. ಸ್ಲಾಟರ್ ಹೇಳಿದ ಆ ಗದ್ದೆಯ ಮಾತು ಅವರಿಗೂ ಗೊತ್ತಿದೆ. ತೋಟ ಇದೆ, ಅಡಿಕೆಯ ಮರಗಳ ನಡುವೆ ಏಲಕ್ಕಿ, ಕಾಳುಮೆಣಸು ಹೆಚ್ಚು ಹಾಕುತ್ತಿದ್ದಾರೆ. "ಮರ ಕಡಿಯುವ ಧೈರ್ಯ ನನಗಿಲ್ಲ ಅಳಿಯ, ಮಕ್ಕಳು ಏನು ಮಾಡುತ್ತಾರೋ ನೋಡೋಣ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಹಳೆಯ ಓಲೆಗರಿಗಳ ಕೊನೆಯಲ್ಲಿ, ಬರೆಯುವಾಗ ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬಲ್ಲವರನ್ನು ಬೇಡಿಕೊಳ್ಳುವುದು ಲಿಪಿಕಾರರ ವಾಡಿಕೆ. ಇದನ್ನು ಮಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಿದ್ದಲಿಕ್ಕೆ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು" ಎಂದರು. ಈ ಬಾರಿ ಊರಿಗೆ ಹೋದಾಗ ಊಟದ ನಂತರ ಜಗಲಿಗೆ ಹಿತ್ತಾಳೆಯ ಕವಳದ ಬಟ್ಟಲು ಎಂದಿನಂತೆಯೇ ಬಂತು. ಅದರಲ್ಲಿ ಬಿಡಿಸಿದ ಏಲಕ್ಕಿಯೂ ಎರಡು ಕಲ್ಲುಸಕ್ಕರೆಯ ಹರಳೂ ಇದ್ದವು.